ಬೆಂಗಳೂರಿಗೆ ಹೋದರೆ ಮಾತ್ರ ರ‍್ಯಾಪರ್ ಆಗೋದಾ?

ಪ್ರಶ್ನೆ: ಅಣ್ಣಾ, ನನಗೆ 22 ವರ್ಷ. ವಿರಾಜಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಡಿಗ್ರಿ ಮುಗಿಸಿ ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತಿದ್ದೇನೆ. ಕಾಲೇಜಿನಿಂದಲೂ ರ‍್ಯಾಪ್ ಬರೆಯುತ್ತೇನೆ, ಜಾಸ್ತಿ ಕನ್ನಡದಲ್ಲಿ, ಒಂದೊಂದು ಕೊಡವ ತಕ್ಕ್‌ನಲ್ಲಿ. ಫೋನಿನಲ್ಲೇ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಿದೆ. ಹಿನ್ನೆಲೆ ಸಂಗೀತದ ಬೀಟ್ ಫ್ರೀ ಅಂತಲೇ ಬರೆದಿತ್ತು, ಆದರೂ ಕಾಪಿರೈಟ್ ಕ್ಲೇಮ್ ಬಂತು. ಈಗ ಹಾಡು ಬಿಡುಗಡೆ ಮಾಡುವ ಒಂದು ಲೇಬಲ್‌ನವರು ಬೆಂಗಳೂರಿಗೆ ಬಾ ಅಂತ ಅಗ್ರಿಮೆಂಟ್ ಕಳಿಸಿದ್ದಾರೆ. ಮನೆಯಲ್ಲಿ ಇದೆಲ್ಲ ಬೇಡ ಅನ್ನುತ್ತಾರೆ. ಈ ಸಲ ಕಣದಲ್ಲಿದ್ದ ಕಾಫಿ ಅಕಾಲ ಮಳೆಗೆ ನೆನೆದು ಹೋಯಿತು, ದುಡ್ಡಿಗೂ ಕಷ್ಟ ಇದೆ. ಹೋಗಲಾ, ಬೇಡ್ವಾ? ಹಾಡಿನ ಸಾಲು ಮತ್ತು ಅಗ್ರಿಮೆಂಟ್ ಜೊತೆಗಿಟ್ಟಿದ್ದೇನೆ.

ಉತ್ತರ: ತಮ್ಮಾ, ಹಾಡು ಕೇಳಿದೆ, ಅಗ್ರಿಮೆಂಟೂ ಪೂರ್ತಿ ಓದಿದೆ. ನೇರವಾಗಿ ಹೇಳುತ್ತೇನೆ. ಈಗಲೇ ಹೋಗಬೇಡ. ಸಹಿ ಅಂತೂ ಹಾಕಲೇಬೇಡ. ರ‍್ಯಾಪ್ ಮಾತ್ರ ಬಿಡಬೇಡ, ನಿನ್ನ ದನಿಯಲ್ಲಿ ಗಟ್ಟಿತನ ಇದೆ, ತಾಳಕ್ಕೆ ಸರಿಯಾಗಿ ಕೂರುತ್ತೀಯ. ಅದನ್ನು ಕಲಿಸುವುದು ಕಷ್ಟ, ನಿನಗೆ ಬಂದುಬಿಟ್ಟಿದೆ.

ಕೊರತೆ ಇರುವುದು ಬೇರೆ ಕಡೆ. ಆ ಹಾಡು ಇನ್ನೂ ನಿನ್ನದಾಗಿಲ್ಲ. ಸಾಲು ಯಾರು ಬೇಕಾದರೂ ಬರೆಯಬಹುದಾದದ್ದು, ಬೀಟ್ ಬೇರೆಯವರದ್ದು, ಈ ಕಾಗದಕ್ಕೆ ಸಹಿ ಹಾಕಿದರೆ ರೆಕಾರ್ಡಿಂಗೂ ಬೇರೆಯವರದ್ದು. ಸಿನಿಮಾ ಇಲ್ಲದೆ, ದೊಡ್ಡ ಕಂಪನಿ ಇಲ್ಲದೆ ಸ್ವಂತ ಕಾಲ ಮೇಲೆ ನಿಲ್ಲುವ ರ‍್ಯಾಪರ್‌ಗೆ ಇರುವ ಆಸ್ತಿ ಎರಡೇ. ತನ್ನದೇ ಆದ ಮಾತು, ತನ್ನ ಹೆಸರಲ್ಲಿರುವ ಹಾಡು. ಇವೆರಡನ್ನೂ ಮೊದಲು ಮಾಡಿಕೋ. ಬೆಂಗಳೂರಿನ ಮಾತು ಆಮೇಲೆ.

ಸಾಲಿನಿಂದಲೇ ಶುರು ಮಾಡೋಣ. ನೀನು ಕಳಿಸಿದ್ದು ಹೀಗಿದೆ:

ಕೊಡಗಿನ ಹುಡುಗ ನಾನು ಎದ್ದು ಬರ್ತೀನಿ
ಕಷ್ಟ ಎಷ್ಟೇ ಬಂದ್ರೂ ಗೆದ್ದು ಬರ್ತೀನಿ
ನಕ್ಕೋರ್ ಮುಂದೆ ತಲೆ ಎತ್ತಿ ನಿಲ್ತೀನಿ
ಒಂದಿನ ಇಡೀ ಲೋಕಾನೇ ಗೆಲ್ತೀನಿ

ಇದರಲ್ಲಿ ಕೊಡಗು ಅನ್ನುವುದನ್ನು ತೆಗೆದು ಹಾಸನ ಅಂತ ಹಾಕು, ಬಳ್ಳಾರಿ ಅಂತ ಹಾಕು. ಏನೂ ಬದಲಾಗಲ್ಲ, ಅಲ್ವಾ? ಇನ್ನೊಂದು, ನಾಲ್ಕೂ ಸಾಲು ಒಂದೇ ಬಾಲದಿಂದ ಮುಗಿಯುತ್ತವೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಬರ್ತೀನಿ, ನಿಲ್ತೀನಿ, ಗೆಲ್ತೀನಿ ಅಂತ ಪ್ರಾಸ ತಾನಾಗಿಯೇ ಸಿಕ್ಕಿಬಿಡುತ್ತದೆ. ಹುಡುಕದೆ ಸಿಕ್ಕ ಪ್ರಾಸಕ್ಕೆ ಬೆಲೆ ಇಲ್ಲ. ಎರಡನೇ ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಕೇಳುವವನಿಗೆ ಅದರ ಕೊನೆ ಗೊತ್ತಾಗಿರುತ್ತದೆ, ಗೊತ್ತಾದ ಮೇಲೆ ಕಿವಿ ಬೇರೆ ಕಡೆ ಹೋಗುತ್ತದೆ.

ಆದರೆ ನಿನ್ನ ಪತ್ರದಲ್ಲಿ, ಹಾಡಿನಲ್ಲಲ್ಲ, ಪತ್ರದಲ್ಲಿ, ಒಂದು ಒಳ್ಳೆ ವಿಷಯ ಇತ್ತು. ಕಣದಲ್ಲಿ ಕಾಫಿ ನೆನೆದದ್ದು. ಅದನ್ನು ಹಾಡಿಗೆ ಯಾಕೆ ತರಲಿಲ್ಲ? ಸುಮ್ನೆ ಒಂದು ಉದಾಹರಣೆಗೆ ನೋಡು:

ಕಣದಲ್ಲಿ ಕಾಫಿ, ಮೇಲೆ ಮೋಡ ಕಪ್ಪು
ಅಪ್ಪ ಓಡ್ದ, ಕಾಲಲ್ಲಿಲ್ಲ ಚಪ್ಲಿ
ಟಾರ್ಪಾಲಿಗೆ ತೂತು, ಅದು ಯಾರ ತಪ್ಪು
ಒಪ್ಪೊತ್ತಿನ ಮಳೆಗೆ ವರ್ಷ ಪೂರ್ತಿ ಸಪ್ಪೆ

ಇದೇನು ಮಹಾ ಕಾವ್ಯ ಅಲ್ಲ. ನೀನು ಇನ್ನೂ ಚೆನ್ನಾಗಿ ಬರೆಯುತ್ತೀಯ, ಯಾಕೆಂದರೆ ಆ ಹೊತ್ತಿಗೆ ಅಲ್ಲಿದ್ದವನು ನೀನು. ಆದರೆ ಕೆಲಸ ಹೇಗೆ ನಡೆದಿದೆ ಅಂತ ಗಮನಿಸು. ಒಂದು ಸಾಲೂ ಕ್ರಿಯಾಪದದಲ್ಲಿ ಮುಗಿಯುತ್ತಿಲ್ಲ. ನಾಲ್ಕನೇ ಏಟಿಗೆ ಪ್ರತಿ ಸಲವೂ 'ಪ' ಅನ್ನುವ ಶಬ್ದ ಬೀಳುತ್ತದೆ, ಅಲ್ಲೇ ಸ್ನೇರ್ ಡ್ರಮ್ಮೂ ಬೀಳುತ್ತದೆ. ಒತ್ತಕ್ಷರ ಅಂದರೆ ಬಾಯಲ್ಲೇ ಇರುವ ಡ್ರಮ್, ಅದನ್ನು ಏಟಿನ ಮೇಲೆ ಕೂರಿಸಿದರೆ ಬೀಟ್ ಸಣ್ಣದಿದ್ದರೂ ಸಾಲು ದೊಡ್ಡದಾಗಿ ಕೇಳುತ್ತದೆ. ಎರಡನೇ ಸಾಲು 'ಅಪ್ಪ' ಅಂತ, ಕೊನೆಯದು 'ಒಪ್ಪೊತ್ತು' ಅಂತ ಶುರುವಾಗುತ್ತದೆ, ಎರಡರಲ್ಲೂ ಎರಡನೇ ಅಕ್ಷರ ಅದೇ ಒತ್ತು. ನಮ್ಮ ಹಳೆಗನ್ನಡ ಕವಿಗಳು ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಇಡುತ್ತಿದ್ದರಲ್ಲ, ಅದೇ ಆದಿಪ್ರಾಸ. ಶಾಲೆಯಲ್ಲಿ ಪರೀಕ್ಷೆಗೆ ಓದಿ ಮರೆತ ಆ ಛಂದಸ್ಸಿನ ಪಾಠವನ್ನು ಮತ್ತೆ ತೆಗೆದು ಓದು. ಲಘು, ಗುರು, ಮಾತ್ರೆ ಲೆಕ್ಕ ಎಲ್ಲವೂ ನೇರವಾಗಿ ನಿನ್ನ ಕೆಲಸಕ್ಕೆ ಬರುತ್ತದೆ. ಗುರು ಇರುವ ಕಡೆ ಏಟು ಇಡು, ಲಘುಗಳನ್ನು ನಡುವೆ ಓಡಿಸು. ಲಘುವನ್ನು ಬೀಟ್‌ಗೋಸ್ಕರ ಎಳೆದರೆ ಪದವೇ ಕೆಟ್ಟುಹೋಗುತ್ತದೆ.

ಇನ್ನು ಉಸಿರು. ನಿನ್ನ ರೆಕಾರ್ಡಿಂಗಿನಲ್ಲಿ ಮೂರನೇ ಸಾಲಿಗೆ ಬರುವಷ್ಟರಲ್ಲಿ ದನಿ ಇಳಿಯುತ್ತದೆ. ಲೆಕ್ಕ ಹಾಕಿ ನೋಡು. 90 ಬಿಪಿಎಂ, ಅಂದರೆ ನಿಮಿಷಕ್ಕೆ 90 ಏಟಿನ ಬೀಟ್‌ನಲ್ಲಿ, ಬಾರ್‌ಗೆ ನಾಲ್ಕು ಏಟಿನಂತೆ 16 ಬಾರ್‌ಗೆ ಸುಮಾರು 43 ಸೆಕೆಂಡ್. 140ರಲ್ಲಿ ಅದೇ 16 ಬಾರ್ 27 ಸೆಕೆಂಡಿಗೆ ಮುಗಿಯುತ್ತದೆ. ಅಷ್ಟರೊಳಗೆ ಎಲ್ಲಿ ಉಸಿರು ತೆಗೆಯುತ್ತೀಯ ಅಂತ ಬರೆಯುವಾಗಲೇ ಗುರುತು ಹಾಕಬೇಕು. ಮೇಲಿನ ಸಾಲುಗಳಲ್ಲಿ 'ಕಾಫಿ', 'ಓಡ್ದ', 'ತೂತು' ಆದ ಮೇಲಿರುವ ಅಲ್ಪವಿರಾಮ ಅಂದಕ್ಕೆ ಹಾಕಿದ್ದಲ್ಲ, ಉಸಿರಿಗೆ. ಬರೆದದ್ದೆಲ್ಲ ಬೇಕು ಅಂತ ತುಂಬಿಸಲೂಬೇಡ. ಗಿಡಕ್ಕೆ ಚಿಗುರು ತೆಗೆಯುವ ಕೆಲಸ ನಿನಗೆ ಗೊತ್ತಲ್ಲ, ಎಲ್ಲ ಚಿಗುರನ್ನೂ ಬಿಟ್ಟರೆ ಫಸಲು ಬರಲ್ಲ. ಹಾಡೂ ಹಾಗೆಯೇ. ಬರೆದ ಮಾರನೇ ದಿನ ಕೂತು ಪದ ಕಿತ್ತು ಹಾಕು, ಹೊಸದು ಸೇರಿಸಬೇಡ.

ಯಾವ ಭಾಷೆ ಅಂತ ನೀನು ಕೇಳಿಲ್ಲ, ಆದರೂ ಹೇಳಬೇಕು. ಮನೆಯಲ್ಲಿ ಜಗಳ ಆಡುವ ಭಾಷೆಯಲ್ಲಿ ಬರೆ. ಕೊಡಗಿನಲ್ಲಿ ಒಂದು ಸಂತೆಗೆ ಹೋದರೆ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವ, ತಮಿಳು ಎಲ್ಲ ಕಿವಿಗೆ ಬೀಳುತ್ತವೆ. ಇಂಥ ಕಿವಿ ಬೆಂಗಳೂರಿನ ಎಷ್ಟೋ ಹುಡುಗರಿಗೆ ಸಿಗಲ್ಲ. 2011ರ ಜನಗಣತಿಯಲ್ಲಿ ಕೊಡವ ತಕ್ಕ್ ತಮ್ಮ ಮಾತೃಭಾಷೆ ಅಂದವರು ಒಂದು ಲಕ್ಷದ ಮೇಲೆ ಸ್ವಲ್ಪ, ಅಷ್ಟೇ. ಕೇಳುಗರು ಕಡಿಮೆ ಅಂತ ಹೆದರಬೇಡ. ತಮ್ಮ ಭಾಷೆಯಲ್ಲಿ ಒಂದು ಗಟ್ಟಿ ಹಾಡು ಬಂದರೆ ಮೈಸೂರು, ಬೆಂಗಳೂರು, ದುಬೈನಲ್ಲಿರುವ ನೆಂಟರಿಗೆಲ್ಲ ವಾಟ್ಸಾಪ್‌ನಲ್ಲಿ ಕಳಿಸುವ ಜನ ಇವರು. ಕನ್ನಡ ಹಾಡಿನ ನಡುವೆ ಒಂದು ಹುಕ್, ಅಂದರೆ ಮತ್ತೆ ಮತ್ತೆ ಬರುವ ಸಾಲು, ಕೊಡವ ತಕ್ಕ್‌ನಲ್ಲಿ ಬಂದರೂ ಚೆನ್ನ. ಆದರೆ ಅಲಂಕಾರಕ್ಕೆ ಅಂತ ತುರುಕಿದರೆ ಊರಿನವರಿಗೆ ಮೊದಲ ಸಲವೇ ಗೊತ್ತಾಗುತ್ತದೆ.

ಕೊಡವರ ಸಾಂಪ್ರದಾಯಿಕ ಹಾಡು ಬಾಳೋಪಾಟ್ ಕೇಳುತ್ತಾ ಬೆಳೆದವನು ನೀನು. ನಾಲ್ಕು ಜನ ದುಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದು, ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಎತ್ತಿಕೊಂಡು ಹೋಗುತ್ತಾರಲ್ಲ, ಉಸಿರು ಹಂಚಿಕೊಳ್ಳುವುದು ಹೇಗೆ ಅಂತ ಅದಕ್ಕಿಂತ ಚೆನ್ನಾಗಿ ಕಲಿಸುವ ವೀಡಿಯೊ ಎಲ್ಲೂ ಇಲ್ಲ. ಪುತ್ತರಿ ಸುಗ್ಗಿ ಹಬ್ಬಕ್ಕೆ ಮುಂದಿನ ಸಲ ಹತ್ತಿರ ಕೂತು ಕೇಳು, ಮಾತಿಗಿಂತ ಜಾಸ್ತಿ ತಾಳ ಕೇಳು. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ 'ಪಟ್ಟೋಲೆ ಪಳಮೆ' 1924ರಲ್ಲೇ ಅಚ್ಚಾಯಿತು, ಅದರಲ್ಲಿ ಹಾಡುಗಳ ದೊಡ್ಡ ರಾಶಿಯೇ ಇದೆ. ಓದು. ಆದರೆ ಸಾವಿನ ಹಾಡು, ದೇವರ ಹಾಡು ಎತ್ತಿಕೊಂಡು ಅದರ ಮೇಲೆ ಟ್ರ್ಯಾಪ್ ಬೀಟ್ ಹಾಕಬೇಡ. ಹಿರಿಯರಿಗೆ ನೋವಾಗುತ್ತದೆ, ಅದು ನ್ಯಾಯವೂ ಹೌದು. ವಾಲಗದ ಶಬ್ದ ಬೇಕಾದರೆ ಮೊಬೈಲಿನಲ್ಲಿ ಕದ್ದು ಹಿಡಿದುಕೊಂಡು ಬರಬೇಡ. ವಾಲಗ ನುಡಿಸುವವರನ್ನು ಕರೆದು, ಸಂಭಾವನೆ ಕೊಟ್ಟು, ಹಾಡಿನ ಕೆಳಗೆ ಹೆಸರು ಹಾಕು. ಕಲಾವಿದರು ತಾವು ನುಡಿಸಿದ್ದರ ಮೇಲೆ ಹಕ್ಕು ಇಟ್ಟುಕೊಳ್ಳುತ್ತಾರೆ, ಕಾನೂನಿನಲ್ಲಿ ಅದು 50 ವರ್ಷ. ರೆಕಾರ್ಡ್ ಮಾಡಿದ ಮೇಲೆ ಕಂಪ್ಯೂಟರಿನಲ್ಲಿ ಪ್ರತಿ ಏಟನ್ನೂ ಗೆರೆಗೆ ತಂದು ಕೂರಿಸಲೂಬೇಡ, ಕೈಯ ಏರಿಳಿತ ಹೋದರೆ ವಾಲಗದ ಜೀವವೇ ಹೋಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ವೀಡಿಯೊದಲ್ಲಿ ಕೋವಿ ಹಿಡಿದು ನಿಲ್ಲುವುದು ಬೇಡ. ನಮ್ಮಲ್ಲಿ ಕೋವಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಪೂಜೆ ಮಾಡುವ ವಸ್ತು. ಕೊಡವರಿಗೆ, ಜಮ್ಮಾ ಅನ್ನುವ ಹಳೆ ಪದ್ಧತಿಯ ಭೂಮಿ ಇರುವವರಿಗೆ ಕೋವಿ ಲೈಸೆನ್ಸ್‌ನಿಂದ ಸಿಕ್ಕಿರುವ ವಿನಾಯಿತಿ ಶೋಕಿಗೆ ಕೊಟ್ಟಿದ್ದಲ್ಲ. ಶೂಟಿಂಗ್‌ಗೆ ಅಂತ ಗುಂಡು ಹಾರಿಸಿದರೆ ಕೇಸ್ ಆಗುತ್ತದೆ, ಜೊತೆಗೆ ಆ ವಿನಾಯಿತಿಯನ್ನೇ ತೆಗೆಯಿರಿ ಅನ್ನುವವರ ಕೈಗೆ ನೀನೇ ಸಾಕ್ಷಿ ಕೊಟ್ಟಂತೆ.

ರೆಕಾರ್ಡಿಂಗಿಗೆ ಬೆಂಗಳೂರಿನ ಸ್ಟುಡಿಯೋ ಬೇಕಿಲ್ಲ. ಮುಂಬೈ ಕುರ್ಲಾದ ರ‍್ಯಾಪರ್ ನೇಝಿ 2014ರಲ್ಲಿ ತನ್ನ ಮೊದಲ ಹಾಡನ್ನು ಒಂದು ಐಪ್ಯಾಡ್‌ನಲ್ಲೇ ರೆಕಾರ್ಡ್ ಮಾಡಿ, ಅದರಲ್ಲೇ ವೀಡಿಯೊನೂ ತೆಗೆದು ಬಿಟ್ಟಿದ್ದು. ನಿನ್ನ ಶತ್ರು ಫೋನ್ ಅಲ್ಲ, ತಗಡು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಿದರೆ ಹಾಡಿನಲ್ಲಿ ಮಳೆಯೇ ಮೇಲುಗೈ, ಎಷ್ಟು ಸಾಫ್ಟ್‌ವೇರ್ ಹಾಕಿದರೂ ಅದು ಪೂರ್ತಿ ಹೋಗಲ್ಲ. ಸಂಜೆ ಆದರೆ ಜೀರುಂಡೆ. ಕಂಡೆನ್ಸರ್ ಮೈಕ್ ಈ ಎಲ್ಲವನ್ನೂ ಹಿಡಿಯುತ್ತದೆ, ಅದಕ್ಕೇ ನಿನ್ನಂಥವನಿಗೆ ಹತ್ತಿರದ ದನಿಯನ್ನೇ ಹೆಚ್ಚಾಗಿ ಹಿಡಿಯುವ ಡೈನಮಿಕ್ ಮೈಕ್ ವಾಸಿ. ಶೂರ್ ಕಂಪನಿಯ ಎಸ್‌ಎಂ58 1966ರಿಂದ ಇದೆ, ಇಂದಿಗೂ ವೇದಿಕೆಗಳಲ್ಲಿ ಅದೇ ಓಡುತ್ತದೆ, ಬಿದ್ದರೂ ಸುಲಭಕ್ಕೆ ಒಡೆಯಲ್ಲ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ನೋಡಿ ತಗೋ, ನಕಲಿ ಜಾಸ್ತಿ ಇದೆ. ಜೊತೆಗೆ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಸಾದಾ ಆಡಿಯೊ ಇಂಟರ್‌ಫೇಸ್ ಸಾಕು.

ಜಾಗ ಎಲ್ಲಿ ಅಂದರೆ, ನಿಮ್ಮ ಗೋಡೌನ್! ಕುಯ್ಲು ಮುಗಿದು ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾಫಿ ಮೂಟೆ ಪೇರಿಸಿರುತ್ತೀರಿ. ಆ ಗೋಣಿಚೀಲಗಳು ಶಬ್ದವನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ, ಪ್ರತಿಧ್ವನಿ ಬರಲ್ಲ. ಮೂರು ಕಡೆ ಮೂಟೆ ಇರುವ ಮೂಲೆಯಲ್ಲಿ ನಿಲ್ಲು, ಬೆನ್ನ ಹಿಂದೆ ಒಂದು ದಪ್ಪ ಕಂಬಳಿ ಇಳಿಬಿಡು. ಮೈಕ್‌ನಿಂದ ಗೇಣು ದೂರ, ಬಾಯಿಗೆ ನೇರ ಬೇಡ, ಸ್ವಲ್ಪ ಓರೆಗೆ ಇಡು. ಇಲ್ಲದಿದ್ದರೆ ಆ 'ಪ್ಪ' ಒತ್ತುಗಳು ಗುಂಡು ಹೊಡೆದಂತೆ ಕೇಳುತ್ತವೆ. ಮಟ್ಟ ಮೈನಸ್ 10 ಡೆಸಿಬೆಲ್ ದಾಟದ ಹಾಗೆ ಇಟ್ಟುಕೋ, 24 ಬಿಟ್ ವೇವ್ ಫೈಲ್‌ನಲ್ಲಿ ಉಳಿಸು, ಎಂಪಿ3 ಬೇಡ. ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದಿಡು. ಅರ್ಥಿಂಗ್ ಸರಿ ಇಲ್ಲದ ಕಡೆ ಚಾರ್ಜರ್ ಹಾಕಿದರೆ ಒಂದು ಸಣ್ಣ ಗುಂಯ್ ಶಬ್ದ ಸೇರಿಕೊಳ್ಳುತ್ತದೆ. ಬ್ಯಾಟರಿಯಲ್ಲೇ ಓಡಿಸಿದರೆ ಕರೆಂಟ್ ಹೋಗಿ ಟೇಕ್ ಹಾಳಾಗುವ ಭಯವೂ ಇರಲ್ಲ. ಒಂದು ಮುಖ್ಯ ಟೇಕ್, ಅದರ ಮೇಲೆ ಸಾಲಿನ ಕೊನೆ ಪದಗಳಿಗೆ ಮಾತ್ರ ಒಂದು ಡಬಲ್, ಅಂದರೆ ಅದೇ ಪದವನ್ನು ಇನ್ನೊಮ್ಮೆ ಹೇಳಿದ ಪದರ. ಇಷ್ಟೇ. ಈಗ ನೀನು ಇಡೀ ಹಾಡಿಗೆ ಮೂರು ಪದರ ಹಾಕಿದ್ದೀಯ, ಮಾತು ಒಂದೂ ಸ್ಪಷ್ಟ ಇಲ್ಲ.

ಈಗ ಕ್ಲೇಮಿನ ವಿಷಯ. ಯೂಟ್ಯೂಬ್‌ನಲ್ಲಿ ಫ್ರೀ ಅಂತ ಬರೆದ ಬೀಟ್ ಬಹಳ ಸಲ ದುಡ್ಡು ಮಾಡದ ಬಳಕೆಗೆ ಮಾತ್ರ ಫ್ರೀ. ಕೆಳಗೆ ವಿವರಣೆಯಲ್ಲಿ ಸಣ್ಣದಾಗಿ ಬರೆದಿರುತ್ತಾರೆ. ಅದೇ ಬೀಟನ್ನು ಹತ್ತಾರು ಜನ ತಗೊಂಡಿರುತ್ತಾರೆ, ಅದರಲ್ಲಿ ಒಬ್ಬ ತನ್ನ ಹಾಡನ್ನು ಯೂಟ್ಯೂಬ್ ಹಾಡು ಗುರುತಿಸುವ ವ್ಯವಸ್ಥೆಯಾದ ಕಂಟೆಂಟ್ ಐಡಿಗೆ ಸೇರಿಸಿದರೆ ಉಳಿದವರಿಗೆಲ್ಲ ಕ್ಲೇಮ್ ಹೋಗುತ್ತದೆ. ಲೀಸ್ ಅಂತ ದುಡ್ಡು ಕೊಟ್ಟು ತಗೊಂಡರೂ ಅದು ನಿನ್ನೊಬ್ಬನದಾಗಲ್ಲ. ಇಷ್ಟು ಸ್ಟ್ರೀಮ್‌ವರೆಗೆ, ಇಷ್ಟು ವರ್ಷದವರೆಗೆ ಅಂತ ಮಿತಿ ಇರುತ್ತದೆ. ತಗೊಂಡರೆ ಲೈಸೆನ್ಸಿನ ಪಿಡಿಎಫ್, ದುಡ್ಡು ಕಟ್ಟಿದ ರಸೀದಿ ಎರಡನ್ನೂ ಜೋಪಾನ ಮಾಡು, ಕ್ಲೇಮ್ ಬಂದಾಗ ಅದನ್ನೇ ತೋರಿಸಿ ಡಿಸ್ಪ್ಯೂಟ್ ಹಾಕಬಹುದು. ಅದಕ್ಕಿಂತ ಒಳ್ಳೆಯದು, ನಿನ್ನ ವಯಸ್ಸಿನ ಒಬ್ಬ ಬೀಟ್ ಮಾಡುವವನನ್ನು ಹುಡುಕು. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದಲ್ಲಿ ಮನೆಯಲ್ಲೇ ಬೀಟ್ ಮಾಡುವ ಸಾಫ್ಟ್‌ವೇರ್ ಎಫ್‌ಎಲ್ ಸ್ಟುಡಿಯೋ ಇಟ್ಟುಕೊಂಡ ಹುಡುಗರು ಇದ್ದಾರೆ. ಇಬ್ಬರೂ ಸೇರಿ ಮಾಡಿದರೆ ಮೊದಲ ದಿನವೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಳ್ಳಿ: ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ರೆಕಾರ್ಡಿಂಗ್ ಯಾರ ಹೆಸರಲ್ಲಿ, ದುಡ್ಡು ಬಂದರೆ ಯಾರಿಗೆ ಎಷ್ಟು ಪಾಲು. ಸ್ನೇಹಿತರ ನಡುವೆ ಕಾಗದ ಯಾಕೆ ಅನ್ನಬೇಡ. ಸ್ನೇಹ ಉಳಿಯಲಿ ಅಂತಲೇ ಕಾಗದ.

ಅಗ್ರಿಮೆಂಟಿಗೆ ಬರೋಣ. ನಿನಗೆ ಬಂದ ಕಾಗದದಲ್ಲಿ ನಿನ್ನ ಹಳೆ ಹಾಡು, ಮುಂದಿನ ಐದು ವರ್ಷದ ಹಾಡು ಎಲ್ಲವೂ ಶಾಶ್ವತವಾಗಿ, ಇಡೀ ಪ್ರಪಂಚಕ್ಕೆ ಅವರದ್ದು ಅಂತಿದೆ. ವೇದಿಕೆಯ ದುಡ್ಡಿನಲ್ಲೂ ಪಾಲು. ಅಡ್ವಾನ್ಸ್ ಅಂತ ಕೊಡುವ ದುಡ್ಡು ನಿನ್ನ ರಾಯಲ್ಟಿಯಲ್ಲೇ ಕಳೆಯುತ್ತದೆ, ವೀಡಿಯೊ ಖರ್ಚೂ ನಿನ್ನ ಲೆಕ್ಕಕ್ಕೇ. ಪ್ರತಿಯಾಗಿ ಎಷ್ಟು ಹಾಡು ಬಿಡುತ್ತೇವೆ, ಪ್ರಚಾರಕ್ಕೆ ಎಷ್ಟು ಖರ್ಚು ಮಾಡುತ್ತೇವೆ ಅಂತ ಒಂದು ಸಾಲೂ ಇಲ್ಲ. ಇಂಥ ಕಾಗದ ಬಂದಾಗ ಮೊದಲು ನೋಡಬೇಕಾದದ್ದು ಅಸೈನ್‌ಮೆಂಟ್ ಅಂತಿದೆಯಾ, ಲೈಸೆನ್ಸ್ ಅಂತಿದೆಯಾ ಅಂತ. ಲೈಸೆನ್ಸ್ ಅಂದರೆ ಬಳಸಲು ಅನುಮತಿ, ಹಾಡು ನಿನ್ನದೇ. ಅಸೈನ್‌ಮೆಂಟ್ ಅಂದರೆ ಹಕ್ಕನ್ನೇ ಬರೆದುಕೊಟ್ಟಂತೆ.

1957ರ ಕಾಪಿರೈಟ್ ಕಾಯ್ದೆ ನಿನ್ನ ಪರವಾಗಿ ಕೆಲವು ವಿಷಯ ಹೇಳುತ್ತದೆ. ನೀನು ಬರೆದ ಸಾಹಿತ್ಯದ ಹಕ್ಕು ನಿನ್ನ ಜೀವಮಾನ, ಅದರ ಮೇಲೆ 60 ವರ್ಷ. ಹಕ್ಕು ಬರೆದುಕೊಡುವಾಗ ಅವಧಿ ಬರೆಯದಿದ್ದರೆ ಐದು ವರ್ಷ ಅಂತಲೇ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ತಗೊಂಡವರು ಒಂದು ವರ್ಷದೊಳಗೆ ಬಳಸದಿದ್ದರೆ ಆ ಹಕ್ಕು ಅವರ ಕೈ ತಪ್ಪುತ್ತದೆ, ಆದರೆ ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿದ್ದರೆ ಇಲ್ಲ. ಅದಕ್ಕೇ ಅವರು ಬೇರೆ ಥರ ಬರೆದಿರುತ್ತಾರೆ, ಓದದೆ ಸಹಿ ಹಾಕಬಾರದು. 2012ರ ತಿದ್ದುಪಡಿ ಆದ ಮೇಲೆ ಸಾಹಿತ್ಯ, ಸಂಗೀತ ಮಾಡಿದವರ ರಾಯಲ್ಟಿ ಪಾಲನ್ನು ಕಂಪನಿ ಪೂರ್ತಿ ಬರೆಸಿಕೊಳ್ಳಲು ಬರಲ್ಲ. ಆ ದುಡ್ಡು ಸಂಗ್ರಹಿಸಿ ಕೊಡುವ ಸಂಸ್ಥೆ ಐಪಿಆರ್‌ಎಸ್, 1969ರಿಂದ ಇದೆ. ಒಂದೆರಡು ಹಾಡು ಹೊರಬಂದ ಮೇಲೆ ಸದಸ್ಯನಾಗು. ಯಾವುದೇ ಲೇಬಲ್ ಕಾಗದವನ್ನು ಸಹಿಗೆ ಮೊದಲು ಒಬ್ಬ ವಕೀಲರಿಗೆ ತೋರಿಸು, ಅವರ ಫೀಸು ನಿನ್ನ ಐದು ವರ್ಷಕ್ಕಿಂತ ಅಗ್ಗ.

ಲೇಬಲ್ ಇಲ್ಲದೆ ಸ್ಪಾಟಿಫೈ, ಆಪಲ್ ಮ್ಯೂಸಿಕ್‌ಗೆ ಹಾಡು ಹೋಗಲ್ಲ ಅಂತ ಅವರು ಹೇಳಿದ್ದರೆ ಅದು ಸುಳ್ಳು. ಡಿಸ್ಟ್ರೊಕಿಡ್‌ನಂಥ ವಿತರಕರು ವರ್ಷಕ್ಕೆ ಇಷ್ಟು ಅಂತ ತಗೊಂಡು ಹಾಡು ಕಳಿಸುತ್ತಾರೆ, ರೌಟ್‌ನೋಟ್‌ನ ಉಚಿತ ಯೋಜನೆಯಲ್ಲಿ ಮೊದಲು ದುಡ್ಡಿಲ್ಲ, ಬಂದ ಆದಾಯದಲ್ಲಿ 15 ಶೇಕಡಾ ಹಿಡಿಯುತ್ತಾರೆ. ಬಿಡುಗಡೆಗೆ ಕನಿಷ್ಠ ನಾಲ್ಕು ವಾರ ಮೊದಲು ಅಪ್‌ಲೋಡ್ ಮಾಡು. ಸ್ಪಾಟಿಫೈನವರ ಪ್ಲೇಲಿಸ್ಟ್‌ಗೆ ಹಾಡು ಕೊಡಬೇಕಾದರೆ ಏಳು ದಿನ ಮೊದಲಾದರೂ ಅಲ್ಲಿರಬೇಕು.

ದುಡ್ಡಿನ ಬಗ್ಗೆ ಮನೆಯವರ ಆತಂಕ ಸರಿಯಾಗಿದೆ, ಅವರ ಮೇಲೆ ಕೋಪ ಬೇಡ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1000 ಸ್ಟ್ರೀಮ್ ಮುಟ್ಟದಿದ್ದರೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಬೇಕಾದರೆ 1000 ಸಬ್‌ಸ್ಕ್ರೈಬರ್, ವರ್ಷದಲ್ಲಿ 4000 ಗಂಟೆ ವೀಕ್ಷಣೆ ಆಗಬೇಕು, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂ. ಮುಟ್ಟಿದ ಮೇಲೂ ಅದರಿಂದ ಮನೆ ನಡೆಯಲ್ಲ. ಸ್ವಂತವಾಗಿ ನಿಂತ ರ‍್ಯಾಪರ್‌ಗಳನ್ನು ಉಳಿಸುವುದು ಕಡಿಮೆ ಜನರ ಗಟ್ಟಿ ನಂಟು. ಲಾಸ್ ಏಂಜಲೀಸ್‌ನ ನಿಪ್ಸಿ ಹಸಲ್ 2013ರಲ್ಲಿ ಮಿಕ್ಸ್‌ಟೇಪ್ ಅನ್ನುವ ತನ್ನ ಹಾಡಿನ ಸಂಗ್ರಹವನ್ನು ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಬಿಟ್ಟ, ಜೊತೆಗೆ 1000 ಪ್ರತಿ ಮಾಡಿ ಒಂದೊಂದನ್ನು 100 ಡಾಲರ್‌ಗೆ ಮಾರಿದ. ಎಲ್ಲ ಖಾಲಿಯಾಯಿತು. ತಗೊಂಡವರು ಸಿಡಿಗೆ ದುಡ್ಡು ಕೊಡಲಿಲ್ಲ, ಅವನ ಓಣಿಯ ಮಾತಿಗೆ ಕೊಟ್ಟರು. ನಿನಗೆ ಅಷ್ಟು ಬೆಲೆ ಇಡಲು ಈಗ ಆಗಲ್ಲ. ಆದರೆ ಕೊಡಗಿನ ಇನ್ನೂರು ಜನ ನಿನ್ನ ಮುಂದಿನ ಹಾಡಿಗೆ ಕಾಯುತ್ತಾರೆ ಅಂದರೆ ಅದು ಸುಮ್ನೆ ಸ್ಕ್ರಾಲ್ ಮಾಡಿ ಹೋದ ಲಕ್ಷ ಜನರಿಗಿಂತ ಜಾಸ್ತಿ.

ವೇದಿಕೆ ಇಲ್ಲೇ ಇದೆ. ಮಡಿಕೇರಿ ದಸರಾ, ಗೋಣಿಕೊಪ್ಪ ದಸರಾ, ಕಾಲೇಜು ಫೆಸ್ಟ್, ಮಡಿಕೇರಿ ಆಕಾಶವಾಣಿ, ಯಾವುದನ್ನೂ ಸಣ್ಣದು ಅನ್ನಬೇಡ, ಅರ್ಜಿ ಹಾಕು. ಹೋಂಸ್ಟೇಗಳಲ್ಲಿ ಸಂಜೆ ಬೆಂಕಿ ಹಾಕಿ ಕೂತ ಅತಿಥಿಗಳು ಸಿನಿಮಾ ಹಾಡು ಕೇಳುತ್ತಾರೆ, ಅದನ್ನು ಹಾಡು, ಆಮೇಲೆ ನಿನ್ನದೊಂದನ್ನೂ ಹಾಡು. ವೇದಿಕೆಯಲ್ಲಿ ರೆಕಾರ್ಡ್ ಆದ ದನಿಯ ಮೇಲೆ ಕಿರುಚಬೇಡ. ದನಿ ತೆಗೆದ, ಹುಕ್ ಮಾತ್ರ ಇರುವ ಟ್ರ್ಯಾಕ್ ಮಾಡಿಸಿಕೋ. ಮೈಕ್‌ನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬೇಡ, ಶಬ್ದ ಕೂಗುತ್ತದೆ. ಟ್ರ್ಯಾಕ್ ಪೆನ್‌ಡ್ರೈವ್‌ನಲ್ಲೂ ಇರಲಿ, ಫೋನಲ್ಲೂ ಇರಲಿ. ನಡುವೆ ಅತ್ತೆಯ ಫೋನ್ ಬರದ ಹಾಗೆ ಏರ್‌ಪ್ಲೇನ್ ಮೋಡ್ ಹಾಕು.

ನಿನ್ನ ತೋಟದ ಕೆಲಸಕ್ಕೂ ಇದಕ್ಕೂ ಜಗಳ ಇಲ್ಲ. ಮಳೆಗಾಲದಲ್ಲಿ ಬರೆ. ದಸರಾ ಹೊತ್ತಿಗೆ ವೇದಿಕೆಯಲ್ಲಿ ಹಾಡಿ ನೋಡು, ಜನ ಎಲ್ಲಿ ತಲೆ ಆಡಿಸುತ್ತಾರೆ, ಎಲ್ಲಿ ಫೋನ್ ತೆಗೆಯುತ್ತಾರೆ ಅಂತ ಗೊತ್ತಾಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಕುಯ್ಲು, ಆಗ ಹಾಡು ಬದಿಗಿಡು. ಮಾರ್ಚ್‌ನಲ್ಲಿ ಮೂಟೆ ಲಾರಿ ಹತ್ತುವ ಮೊದಲು ಗೋಡೌನ್‌ನಲ್ಲಿ ರೆಕಾರ್ಡ್. ನಾಲ್ಕು ಹಾಡು ಸಾಕು, ಒಂದೂವರೆ ತಿಂಗಳಿಗೊಂದು ಬಿಡು. ಇದಾದ ಮೇಲೆ ಬೆಂಗಳೂರಿಗೆ ಹೋಗು, ಅಲ್ಲಿನ ಹುಡುಗರ ಜೊತೆ ಸೈಫರ್‌ನಲ್ಲಿ, ಅಂದರೆ ಸುತ್ತ ನಿಂತು ಒಬ್ಬರಾದ ಮೇಲೊಬ್ಬರು ರ‍್ಯಾಪ್ ಮಾಡುವ ಕೂಟದಲ್ಲಿ, ನಿಲ್ಲು. ಎಂ.ಸಿ. ಬಿಜ್ಜು, ಗುಬ್ಬಿ ಅಂಥ ಕನ್ನಡ ರ‍್ಯಾಪರ್‌ಗಳು ಬೀದಿಯ ಕನ್ನಡವನ್ನು ಬೀಟ್ ಮೇಲೆ ಹೇಗೆ ನಿಲ್ಲಿಸಿದ್ದಾರೆ ಅಂತ ಕಿವಿಗೊಟ್ಟು ಕೇಳು. ಮೈಸೂರು ಇನ್ನೂ ಹತ್ತಿರ, ಮೊದಲು ಅಲ್ಲಿಗೇ ಹೋಗಿ ಬಾ. ಆಗ ನಿನ್ನ ಹತ್ತಿರ ತೋರಿಸಲು ಹಾಡು ಇರುತ್ತದೆ, ಲೇಬಲ್‌ನವರು ಬಂದರೆ ಲೈಸೆನ್ಸ್ ಮಾತ್ರ ಕೊಡುತ್ತೇನೆ, ಎರಡು ವರ್ಷಕ್ಕೆ, ಈ ಒಂದು ಹಾಡಿಗೆ ಅಂತ ಹೇಳುವ ಧೈರ್ಯವೂ ಇರುತ್ತದೆ.

ಈಗ ಬಂದಿರುವ ಲೇಬಲ್‌ಗೆ ಸದ್ಯಕ್ಕೆ ಆಗಲ್ಲ ಅಂತ ಮರ್ಯಾದೆಯಿಂದ ಎರಡು ಸಾಲು ಮೇಲ್ ಹಾಕು, ಫೋನಿನಲ್ಲಿ ಹೇಳಬೇಡ. ಆ ಕಣದ ಹಾಡು ಬರೆದು ಕಳಿಸು. ಕಳಿಸುವಾಗ ಬೀಟ್ ಬೇರೆ, ನಿನ್ನ ದನಿ ಬೇರೆ, ಎರಡು ವೇವ್ ಫೈಲ್ ಇರಲಿ, ದನಿಗೆ ಯಾವ ಎಫೆಕ್ಟೂ ಹಾಕಬೇಡ, ಬಿಪಿಎಂ ಎಷ್ಟು ಅಂತ ಫೈಲ್ ಹೆಸರಿನಲ್ಲೇ ಬರೆ.